ಹೆಪ್ಪು ಹಾಕಿದ ಹರಳು

ಹರಳು ಬೆಳೆಸುವುದು ಬುದ್ಧಿವಂತರ ಕೆಲಸ ಎಂದು ಹೊರಗಿನವರು ತಿಳಿದಿದ್ದಾರೆ. ಅಲ್ಲ, ಅದು ಕಾಯುವವರ ಕೆಲಸ. ಹುಬ್ಬಳ್ಳಿಯ ಹರಳುಮನೆಯಲ್ಲಿ ನಾನು ಹತ್ತೊಂಬತ್ತು ವರ್ಷ ಕಾದಿದ್ದೇನೆ. ಮೊಣಕಾಲು ಹೋಗಿವೆ, ಕಣ್ಣಿಗೆ ಎರಡು ಸಲ ಆಪರೇಶನ್ ಆಗಿದೆ, ಸೂಕ್ಷ್ಮದರ್ಶಕದ ಮೇಲೆ ಬಗ್ಗಿ ಬಗ್ಗಿ ಕುತ್ತಿಗೆ ಎಡಕ್ಕೆ ವಾಲಿದೆ. ಸನ್ಮಾನ ಮಾಡಿ ಶಾಲು ಹೊದಿಸುವಾಗಲೂ ನನ್ನ ಫೋಟೋ ಸೊಟ್ಟಗೇ ಬಂದಿದೆ.

ಈಗ ರೋಗ ನೋಡಿ ಗುಳಿಗೆ ಕೊಡುವ ಕಾಲ ಹೋಯಿತು. ಮನುಷ್ಯನನ್ನು ನೋಡಿ ಕೊಡುತ್ತಾರೆ, ಟೇಲರ್ ಅಳತೆ ತೆಗೆದು ಜಂಪರು ಹೊಲಿದಂತೆ. ಅಳತೆ ತೆಗೆಯುವುದು ನಮ್ಮ ಕೆಲಸ. ರೋಗಿಯ ರಕ್ತದಿಂದ ಅವನ ಕಿಣ್ವದ ಬರಹ ಓದಿ, ಅದೇ ಕಿಣ್ವವನ್ನು ಯೀಸ್ಟಿನ ಜಾಡಿಯಲ್ಲಿ ತಯಾರಿಸಿ, ಸೋಸಿ, ಸಾಸಿವೆಗಿಂತ ಸಣ್ಣ ಹನಿಯಾಗಿ ಗಾಜಿನ ತಟ್ಟೆಯಲ್ಲಿ ಇಡುತ್ತೇವೆ. ಅದೃಷ್ಟವಿದ್ದರೆ ಹನಿಯೊಳಗಿನ ಕೋಟಿಗಟ್ಟಲೆ ಅಣುಗಳು ಒಂದೇ ಭಂಗಿಯಲ್ಲಿ ಸಾಲುಗಟ್ಟಿ ನಿಂತು ಹರಳಾಗುತ್ತವೆ. ಹರಳಿನ ಮೇಲೆ ಎಕ್ಸ್-ರೇ ಬಿಟ್ಟರೆ ಪರಮಾಣು ಪರಮಾಣುವೂ ಎಲ್ಲಿ ನಿಂತಿದೆ ಎಂದು ಲೆಕ್ಕ ಹಾಕಬಹುದು. ಒಂಟಿ ಅಣು ಯಾವ ಕಣ್ಣಿಗೂ ಸಿಗುವುದಿಲ್ಲ. ಜಾತ್ರೆಯಷ್ಟು ಅಣುಗಳು ಶಿಸ್ತಾಗಿ ನಿಂತರೆ ಮಾತ್ರ ಸಿಗುತ್ತದೆ. ಆ ಚಿತ್ರ ನೋಡಿ ಬರೆದುಕೊಡುವ ಕಾಗದವೇ ಹರಳುಚೀಟಿ.

ಜನ ಎಲ್ಲಕ್ಕೂ ಒಗ್ಗಿಕೊಳ್ಳುತ್ತಾರೆ, ಇದಕ್ಕೂ ಒಗ್ಗಿಕೊಂಡರು. ಕನ್ಯೆ ನೋಡಲು ಬಂದವರು ಉಪ್ಪಿಟ್ಟು ತಿಂದು, ಬಾಯಿ ಒರೆಸಿಕೊಂಡು, 'ಹುಡುಗೀದು ಹರಳು ತಗಸೀರೇನ್ರಿ' ಎಂದು ಕೇಳುತ್ತಾರೆ. ಹನಿ ಹರಳಾಗದೆ ಉಳಿದವರು ಮಠಕ್ಕೆ ಎಣ್ಣೆ ಕೊಟ್ಟು ಬರುತ್ತಾರೆ. ನನ್ನ ಕೈಗುಣ ಚೆನ್ನಾಗಿದೆ ಎಂಬ ಸುದ್ದಿ ಹೇಗೋ ಊರೆಲ್ಲ ಹಬ್ಬಿತ್ತು. ಬಸ್ಸಿನಲ್ಲಿ ಗುರುತಿಲ್ಲದ ಹೆಂಗಸರು ನನಗೆ ಸೀಟು ಬಿಟ್ಟುಕೊಟ್ಟು, 'ನಮ್ಮನಿಯವರ ಹನಿ ನೀವ ಹಾಕ್ರಿ ಬಾಯಾರ' ಎನ್ನುತ್ತಿದ್ದರು. ನನಗೆ ಅದರಿಂದ ಹೆಮ್ಮೆಯಾಗುತ್ತಿತ್ತು. ಸುಳ್ಳು ಯಾಕೆ ಹೇಳಲಿ.

ನನ್ನ ನಾದಿನಿ ನೀಲವ್ವನ ಹನಿಯನ್ನೂ ನಾನೇ ಹಾಕಿದೆ.

ನೀಲವ್ವ ನನ್ನ ಗಂಡನ ತಂಗಿ. ಗಂಡ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದವರು ನಾವಿಬ್ಬರೇ. ಹಳೇ ಬಸ್‌ಸ್ಟ್ಯಾಂಡಿನ ಹಿಂದೆ ಅವಳದೊಂದು ಖಾನಾವಳಿ ಇದೆ; ಮುಂದೆ ಖಾನಾವಳಿ, ಹಿಂದೆ ನಮ್ಮ ಮನೆ. ಇಪ್ಪತ್ತೆಂಟು ವರ್ಷದಿಂದ ಅವಳು ದಿನಕ್ಕೆ ಇನ್ನೂರು ರೊಟ್ಟಿ ಬಡಿದವಳು. ಅಂಥವಳು ಹೋದ ವರ್ಷ ರೊಟ್ಟಿ ಹೆಂಚಿನ ಮೇಲೆ ಹಾಕಿ ಹಾಗೇ ನಿಲ್ಲತೊಡಗಿದಳು. ಸೀದ ವಾಸನೆ ಬಂದರೂ ಗೊತ್ತಾಗುತ್ತಿರಲಿಲ್ಲ. ಮಾತಿನ ನಡುವೆ ತೂಕಡಿಕೆ, ಕೈ ನಡುಕ, ಒಮ್ಮೊಮ್ಮೆ ಅತ್ತಿಗೆಯಾದ ನನ್ನನ್ನು 'ವೈನಿ' ಎಂದು ಕರೆಯುವುದನ್ನೂ ಮರೆತು 'ಅವರು' ಎನ್ನುತ್ತಿದ್ದಳು.

ರಕ್ತದಲ್ಲಿ ಅಮೋನಿಯಾ ಏರಿತ್ತು. ನಾವು ತಿನ್ನುವ ಬೇಳೆಕಾಳು, ಹಾಲು ಮೊಸರು ಕರಗಿದ ಮೇಲೆ ಅಮೋನಿಯಾ ಎಂಬ ವಿಷ ಉಳಿಯುತ್ತದೆ. ಅದನ್ನು ತೆಗೆದು ಮೂತ್ರಕ್ಕೆ ಕಳಿಸಲು ಯಕೃತ್ತಿನಲ್ಲಿ ಒಂದು ಕಿಣ್ವವಿದೆ. ಅದರ ಮೈಯಲ್ಲೊಂದು ಕುಳಿ, ಕುಳಿಗೊಂದು ಮುಚ್ಚಳ. ಅಮೋನಿಯಾ ಹೊತ್ತ ತುಣುಕು ಒಳಗೆ ಬಿದ್ದಾಗ ಮುಚ್ಚಳ ಮುಚ್ಚಬೇಕು, ಕೆಲಸ ಮುಗಿದ ಮೇಲೆ ತೆರೆಯಬೇಕು. ಇದು ಸೆಕೆಂಡಿಗೆ ನೂರಾರು ಸಲ ನಡೆಯುತ್ತದೆ. ಕೆಲವರಿಗೆ ಆ ಮುಚ್ಚಳ ಸಡಿಲವಿದ್ದು ಸರಿಯಾಗಿ ಮುಚ್ಚುವುದಿಲ್ಲ. ಅವರಿಗೆ ಹಳದಿ ಗುಳಿಗೆ, ಅದು ಮುಚ್ಚಳವನ್ನು ಒತ್ತಿ ಹಿಡಿಯುತ್ತದೆ. ಕೆಲವರಿಗೆ ಬಿಗಿಯಾಗಿದ್ದು ತೆರೆಯುವುದೇ ಇಲ್ಲ. ಅವರಿಗೆ ಬಿಳಿ ಗುಳಿಗೆ, ಅದು ಬೆಣೆಯಂತೆ ಸಂದಿಯಲ್ಲಿ ಸೇರುತ್ತದೆ. ಬಿಗಿ ಮುಚ್ಚಳದವರಿಗೆ ಹಳದಿ ಕೊಟ್ಟರೆ ಇದ್ದ ಬಾಗಿಲಿಗೂ ಬೀಗ ಜಡಿದ ಹಾಗೆ. ಮನುಷ್ಯ ನಿಧಾನವಾಗಿ ನಿದ್ದೆಗೆ ಜಾರುತ್ತಾನೆ, ಮತ್ತೆ ಏಳುವುದಿಲ್ಲ.

ನೀಲವ್ವನ ಹರಳು ಹನ್ನೆರಡೇ ದಿನಕ್ಕೆ ಬಂತು, ಕಲ್ಲುಸಕ್ಕರೆಯಂಥ ಹರಳು. ಹರಳಿಗೆ ಆ ಅಮೋನಿಯಾದ ತುಣುಕು ತಿನ್ನಿಸಿ ಚಿತ್ರ ತೆಗೆದರೆ ಮುಚ್ಚಳ ತೆರೆದೇ ನಿಂತಿತ್ತು. ಚೀಟಿಯಲ್ಲಿ 'ಸಡಿಲ' ಎಂದು ಬರೆದರು. ಹಳದಿ ಗುಳಿಗೆ ಶುರುವಾಯಿತು.

ಒಂದು ತಿಂಗಳಿಗೆ ಕಡಿಮೆಯಾಗಬೇಕಿದ್ದದ್ದು ಹೆಚ್ಚಾಯಿತು. ಆಸ್ಪತ್ರೆಯ ಡಾಕ್ಟರು ಚೀಟಿ ನೋಡಿದರು, ಗುಳಿಗೆ ನೋಡಿದರು, ಎರಡೂ ಸರಿ ಇದ್ದವು. ಹಾಗಾದರೆ ತಪ್ಪು ಯಾರದು? ರೋಗಿಯದು. "ಕದ್ದು ಬ್ಯಾಳಿ ತಿಂತಾರ್ರಿ ಇವ್ರು. ಖಾನಾವಳಿ ನಡಸೋರು ನಾಲಿಗಿ ಹೆಂಗ ಕಟ್ಟತಾರ?" ಎಂದರು.

ನಾನೂ ಹಾಗೇ ಅಂದುಕೊಂಡೆ. ಮನೆಗೆ ಬಂದು ಅವಳ ಟ್ರಂಕು ತೆಗೆಸಿ ಶೇಂಗಾ ಚಟ್ನಿಪುಡಿ ಹುಡುಕಿದೆ. ತಲೆದಿಂಬಿನ ಕೆಳಗೆ ಹುಡುಕಿದೆ. ಏನೂ ಸಿಗಲಿಲ್ಲ. ಆದರೂ ಬಿಡಲಿಲ್ಲ.

"ಖರೇ ಹೇಳು ನೀಲಾ. ರುಚಿ ನೋಡಾಕ ಅಂತ ಸಾರು ನೆಕ್ಕೀಯಿಲ್ಲೋ?"

"ಇಲ್ಲ ವೈನಿ."

"ಮತ್ತ ಹೆಂಗ ಏರತೈತಿ?"

"ನನಗೇನ ಗೊತ್ತು? ನೀ ಓದಿದಾಕಿ," ಎಂದಳು. ಸಿಟ್ಟಿಲ್ಲದೆ ಹೇಳಿದಳು. ಸಿಟ್ಟಿಗೂ ಶಕ್ತಿ ಬೇಕಲ್ಲ. ಮೂರು ತಿಂಗಳು ನಾನು ಅವಳ ತಾಟಿನ ಮೇಲೆ ಕಣ್ಣಿಟ್ಟು ಕೂತೆ. ಗಂಜಿ, ಎರಡು ತುಂಡು ಸವತೆಕಾಯಿ, ಅರ್ಧ ರೊಟ್ಟಿ. ಉಳಿದರ್ಧ ರೊಟ್ಟಿಯನ್ನು ನಾನೇ ಎತ್ತಿಡುತ್ತಿದ್ದೆ. ಇದನ್ನು ನೆನೆದರೆ ಈಗಲೂ ನನಗೆ ಊಟ ಸೇರುವುದಿಲ್ಲ.

ಯುಗಾದಿಯ ಮರುದಿನ ಬೆಳಗ್ಗೆ ಅವಳು ಖಾನಾವಳಿಯ ಹಾಲಿಗೆ ಹೆಪ್ಪು ಹಾಕುತ್ತಿದ್ದಳು. ಅಷ್ಟೊಂದು ಮಂಪರಿನಲ್ಲೂ ಆ ಕೆಲಸ ಮಾತ್ರ ಬೇರೆಯವರಿಗೆ ಬಿಡುತ್ತಿರಲಿಲ್ಲ. ಹಿಂದಿನ ದಿನ ನಮ್ಮ ಮೊಸರು ಮುಗಿದು, ಅಡುಗೆಗೆ ಬರುವ ಹೆಂಗಸು ಪಕ್ಕದ ಮನೆಯಿಂದ ಹೆಪ್ಪು ತಂದಿದ್ದಳು. ನೀಲವ್ವ ಅದನ್ನು ಮೂಸಿ ನೋಡಿ ಚೆಲ್ಲಿಬಿಟ್ಟಳು.

"ಯಾಕ ಚೆಲ್ಲಿದಿ?"

"ಹುಳಿ ಹೆಪ್ಪು. ಹಾಲು ಎಷ್ಟ ಚಲೋ ಇದ್ರೇನು ವೈನಿ? ಹೆಪ್ಪು ಹೆಂಗೋ ಮೊಸರೂ ಹಂಗ. ನಮ್ಮ ಎಮ್ಮಿ ಹಾಲಿನಾಗ ಅವರ ಮನಿ ಮೊಸರು ಆಗತೈತಿ."

ನಾನು ಕೈಯಲ್ಲಿದ್ದ ಚಹಾದ ಕಪ್ಪು ಕೆಳಗಿಟ್ಟೆ.

ಯಾಕೆಂದು ಹೇಳುತ್ತೇನೆ. ಈ ಕಿಣ್ವ ತಾನಾಗಿ ಹರಳಾಗಲು ಒಂಬತ್ತು ವಾರ ಬೇಕು, ಅದೂ ಮನಸ್ಸು ಬಂದರೆ. ಎರಡು ವರ್ಷದ ಹಿಂದೆ ಮೇಲಿನಿಂದ ಆದೇಶ ಬಂತು, ಚೀಟಿ ಹದಿನೈದು ದಿನದಲ್ಲಿ ಕೊಡಬೇಕೆಂದು. ಆದೇಶ ಬರೆದವರು ಹನಿ ಮುಂದೆ ಕೂತವರಲ್ಲ. ಜನ ಹೊರಗೆ ಕಾಯುತ್ತಿದ್ದರು. ಆಗ ನಾನು ಮನೆಯಲ್ಲಿ ಮಾಡುವುದನ್ನೇ ಮಾಡಿದೆ. ಹಳೆಯದೊಂದು ಒಳ್ಳೆಯ ಹರಳನ್ನು ಪುಡಿ ಮಾಡಿ, ಬೆಕ್ಕಿನ ಉದುರಿದ ಮೀಸೆಗೂದಲನ್ನು ಅದರಲ್ಲಿ ಅದ್ದಿ, ಹೊಸ ಹನಿಯಲ್ಲಿ ಒಂದು ಗೆರೆ ಎಳೆದೆ. ಎರಡು ವಾರದಲ್ಲಿ ಹರಳು ತಯಾರು. ಅಲ್ಲಿಂದ ಈ ಕಿಣ್ವದ ಒಂದು ಹನಿಯೂ ನನ್ನ ಕೈಯಲ್ಲಿ ಕೆಡಲಿಲ್ಲ. ಕೈಗುಣ ಎಂದರಲ್ಲ, ಅದು ಇದು.

ಆ ಹೆಪ್ಪು ನಮ್ಮ ಮುಖ್ಯಸ್ಥರಾದ ಡಾಕ್ಟರ್ ಇಮಾಮಸಾಬ್ ನದಾಫ್ ಅವರದು. ಯಂತ್ರ ಬಂದ ಹೊಸದರಲ್ಲಿ, ರೋಗವಿಲ್ಲದ ಮನುಷ್ಯನದೊಂದು ಅಳತೆ ಬೇಕೆಂದು ಅವರೇ ತಮ್ಮ ರಕ್ತ ಕೊಟ್ಟಿದ್ದರು. ಆ ಹರಳು ತುಣುಕು ತಿನ್ನಿಸದೆ, ಖಾಲಿಯಾಗಿ, ಮುಚ್ಚಳ ತೆರೆದೇ ಬೆಳೆದದ್ದು.

ಅಂದು ಹರಳುಮನೆಗೆ ಹೋಗಿ ಕಡತ ತೆಗೆದೆ. ಎರಡು ವರ್ಷದಲ್ಲಿ ಈ ಕಿಣ್ವದ ನಲವತ್ತೊಂದು ಜನ. ನಲವತ್ತೊಂದು ಹರಳಿನ ಅಳತೆಯೂ ಒಂದೇ. ನಲವತ್ತೊಂದು ಚೀಟಿಯಲ್ಲೂ 'ಸಡಿಲ'. ಹಿಂದೆಲ್ಲ ಅರ್ಧಕ್ಕರ್ಧ 'ಬಿಗಿ' ಬರುತ್ತಿತ್ತು. ಹಳದಿಯಿಂದ ಗುಣವಾದವರೂ ಇದ್ದರು, ಅದಕ್ಕೇ ಯಾರಿಗೂ ಸಂಶಯ ಬರಲಿಲ್ಲ. ಗುಣವಾಗದವರು ಕದ್ದು ಬೇಳೆ ತಿಂದವರೆಂದು ಆಸ್ಪತ್ರೆಯವರು ಬರೆದುಕೊಂಡಿದ್ದರು.

ನದಾಫ್ ಸರ್ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಅವರ ನಿವೃತ್ತಿಗೆ ಒಂದೇ ವರ್ಷ ಉಳಿದಿತ್ತು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಹೆಪ್ಪು ಹಾಕತೀನಿ ಅಂತ ಯಾರಿಗೆ ಹೇಳಿದ್ರಿ ನೀವು?"

"ಮೊಸರಿಗೆ ಹೆಪ್ಪು ಹಾಕೂದನ್ನ ಯಾರಿಗರ ಹೇಳತಾರೇನ್ರಿ ಸರ್?"

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎದ್ದು ಹೋಗಿ ತಮ್ಮದೇ ಹರಳೊಂದನ್ನು ಶೀತಪೆಟ್ಟಿಗೆಯಿಂದ ತರಿಸಿ, ರೋಗಿಗಳ ಹರಳಿಗೆ ಮಾಡುವಂತೆಯೇ ತುಣುಕು ತಿನ್ನಿಸಿ, ಎಕ್ಸ್-ರೇಗೆ ಒಡ್ಡಿದರು. ಕಂಟ್ರೋಲ್ ರೂಮಿನಲ್ಲಿ ನಾವಿಬ್ಬರೇ ಪರದೆ ನೋಡುತ್ತ ಕೂತೆವು. ಮುಚ್ಚಳ ಮುಚ್ಚಬೇಕಿತ್ತು. ಮುಚ್ಚಲಿಲ್ಲ. ಪಕ್ಕದ ಅಣುವಿನ ಮೊಣಕೈಗೆ ಸಿಕ್ಕಿ ತೆರೆದೇ ನಿಂತಿತ್ತು.

"ಈ ಚಿತ್ರದ ಪ್ರಕಾರ ನಾನೂ ರೋಗಿ," ಎಂದರು ನದಾಫ್. "ವಾರಕ್ಕ ಮೂರು ದಿನ ಮಟನ್ ತಿಂತೀನಿ ನಾ. ಸತ್ತು ಎರಡು ವರ್ಷ ಆಗಿರಬೇಕಿತ್ತು."

ಕಿಕ್ಕಿರಿದ ಬಸ್ಸಿನಲ್ಲಿ ನಿಂತವನು ಕುಂಟನೋ ಅಲ್ಲವೋ ಹೇಳಲಾಗದು. ಸುತ್ತಲಿನವರು ಅವನನ್ನು ನೆಟ್ಟಗೆ ಹಿಡಿದಿರುತ್ತಾರೆ. ನನ್ನ ಹೆಪ್ಪು ಹೊಸ ಅಣುಗಳನ್ನೆಲ್ಲ ನದಾಫ್ ಸರ್ ಸಾಲಿನಲ್ಲಿ, ಅವರದೇ ಭಂಗಿಯಲ್ಲಿ ಒತ್ತಿ ನಿಲ್ಲಿಸಿತ್ತು. ಬಿಗಿ ಮುಚ್ಚಳದವರೂ ಅಲ್ಲಿ ಬಾಯಿ ತೆರೆದು ನಿಂತಿದ್ದರು. ನಲವತ್ತೊಂದು ಜನರ ಚೀಟಿಯಲ್ಲಿ ಇದ್ದದ್ದು ಒಬ್ಬನೇ ಮನುಷ್ಯನ ಅಳತೆ.

"ಈಗ ಹೇಳಿದ್ರ ಏನಾಗತೈತಿ ಗೊತ್ತೇನ್ರಿ?" ಎಂದರು ನದಾಫ್. "ನಾಳೆನ ಬಾಗಲಾ ಮುಚ್ಚತಾರ. ತನಿಖೆ ಅಂತಾರ, ಶೀತಪೆಟ್ಟಿಗಿಗೆಲ್ಲಾ ಸೀಲ್ ಹಾಕತಾರ. ನಿಮ್ಮ ನಾದಿನಿದು ಹೆಪ್ಪಿಲ್ಲದ ಹನಿ ಎಲ್ಲಿ ಬೆಳಸತೀರಿ?"

ನಾನು ಪರದೆ ಆರಿಸಿದೆ.

"ಒಂಬತ್ತು ವಾರ. ಅವರದೊಂದು ಖರೇ ಹರಳು ಬರ್ಲಿ. ಕೈಯಾಗ ಪುರಾವೆ ಇಟ್ಕೊಂಡು ಎಲ್ಲಾರಿಗೂ ಹೇಳೂಣು."

ಅದು ನ್ಯಾಯದ ಮಾತಿನಂತೆಯೇ ಕೇಳಿಸಿತು. ನನಗೆ ಹಾಗೆ ಕೇಳಿಸಬೇಕಿತ್ತು. ಅಂದು ಮಧ್ಯಾಹ್ನವೇ ಮನೆಗೆ ಹೋಗಿ ನೀಲವ್ವನ ಹಳದಿ ಗುಳಿಗೆಗಳನ್ನು ಬಚ್ಚಲಿಗೆ ಸುರಿದೆ. ಉಳಿದ ನಲವತ್ತು ಮನೆಗಳಲ್ಲಿ ಅಂದೂ ಅವರವರ ಹೊತ್ತಿಗೆ ನುಂಗಿರಬೇಕು.

ಒಂಬತ್ತು ವಾರ ಹೇಗೆ ಕಳೆಯಿತೆಂದು ವಿವರಿಸುವ ತ್ರಾಣ ನನಗಿಲ್ಲ. ಬರೀ ಗಂಜಿ, ಸಕ್ಕರೆ ನೀರು, ವಾರಕ್ಕೊಮ್ಮೆ ಆಸ್ಪತ್ರೆಯಲ್ಲಿ ರಕ್ತ ಸೋಸುವುದು. ನೀಲವ್ವ ಎಚ್ಚರವಿದ್ದಾಗ ಗೋಡೆಯ ಕಡೆ ನೋಡುತ್ತಿದ್ದಳು. ನಾನು ಬೆಳಗ್ಗೆ ಹರಳುಮನೆಯಲ್ಲಿ ಅವಳ ಹನಿ ನೋಡುತ್ತಿದ್ದೆ, ಮಧ್ಯಾಹ್ನ ಅವಳನ್ನು. ಎರಡೂ ಕಡೆ ಏನೂ ಬದಲಾಗುತ್ತಿರಲಿಲ್ಲ. ಹೊಸ ರೋಗಿಗಳ ಹನಿಗೆ ಹೆಪ್ಪು ನಿಲ್ಲಿಸಿದೆ. 'ಯಂತ್ರ ರಿಪೇರಿ' ಎಂದು ಬೋರ್ಡು ಹಾಕಿದೆವು. ಬಸ್ಸಿನಲ್ಲಿ ಹೆಂಗಸರು ಸೀಟು ಬಿಟ್ಟುಕೊಟ್ಟರೆ ಕೂರದೆ ನಿಂತುಕೊಂಡೇ ಬರುತ್ತಿದ್ದೆ.

ಅರವತ್ತನಾಲ್ಕನೆಯ ದಿನ ಹನಿಯ ಅಂಚಿನಲ್ಲಿ ಒಂದು ಚೂರು ಹೊಳೆಯಿತು. ಮುರಿದ ಸೂಜಿಯ ಮೊನೆಯಷ್ಟು, ವಕ್ರವಾದ, ನೋಡಲು ಏನೂ ಚಂದವಿಲ್ಲದ ಹರಳು. ಹಿಂದಾದರೆ ಎಸೆಯುತ್ತಿದ್ದೆ. ಎಕ್ಸ್-ರೇ ಬಿದ್ದರೆ ಅಷ್ಟು ಸಣ್ಣದು ಒಂದೇ ಚಿತ್ರಕ್ಕೆ ಸುಟ್ಟುಹೋಗುತ್ತದೆ. ನದಾಫ್ ಸರ್ ಕೈ ನಡುಗುತ್ತದೆಂದು ಅದನ್ನು ನಾನೇ ಎತ್ತಿ ಕೂರಿಸಿದೆ. ಒಂದೇ ಚಿತ್ರ ಸಿಕ್ಕಿತು, ಅದೇ ಸಾಕಾಯಿತು. ಮುಚ್ಚಳ ಗಟ್ಟಿಯಾಗಿ ಮುಚ್ಚಿಕೊಂಡು ಕೂತಿತ್ತು. ಬಿಗಿ.

ಬಿಳಿ ಗುಳಿಗೆ ನುಂಗಿದ ಆರನೆಯ ದಿನ ನೀಲವ್ವ ತಾನೇ ಎದ್ದು ಜಡೆ ಹಾಕಿಕೊಂಡಳು. ಹತ್ತನೆಯ ದಿನ ಖಾನಾವಳಿಯ ಬದನೆಕಾಯಿ ಪಲ್ಯಕ್ಕೆ ಉಪ್ಪು ಕಡಿಮೆಯೆಂದು ಅಡುಗೆಯವಳಿಗೆ ಬೈದಳು, ವಾಸನೆಯಿಂದಲೇ ಗೊತ್ತಾಯಿತಂತೆ. ನಾನು ಬಚ್ಚಲಿಗೆ ಹೋಗಿ ನೀರು ಬಿಟ್ಟುಕೊಂಡು ಅತ್ತೆ.

ಆಮೇಲೂ ನಾವು ಹೇಳಲಿಲ್ಲ. "ಒಂದ ಹರಳಿನ ಪುರಾವೆ ಸಾಲಂಗಿಲ್ಲ," ಎಂದರು ನದಾಫ್. "ಅವರದ ಇನ್ನೊಂದು ಹನಿ ಜೋಡೀನ ಇಟ್ಟೀವಲ್ಲ. ಹದಿನೈದು ದಿನ ತಡೀರಿ." ತಡೆದೆ. ತಡೆಯುವುದು ನನಗೆ ಹೊಸದಲ್ಲ.

ಹನ್ನೆರಡನೆಯ ದಿನ ಬೆಳಗ್ಗೆ ಹತ್ತರ ಸುಮಾರಿಗೆ, ಊಟದವರು ಬರುವ ಮುಂಚೆ, ನೀಲವ್ವ ಖಾನಾವಳಿಯ ಬೆಂಚಿನ ಮೇಲೆ ಕೂತು ಸವತೆಕಾಯಿ ಹೆಚ್ಚುತ್ತಿದ್ದಳು. ನಾನು ನೀರು ಮತ್ತು ಬಿಳಿ ಗುಳಿಗೆ ತಂದುಕೊಟ್ಟೆ. ಅವಳು ಗುಳಿಗೆಯನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದಳು.

"ವೈನಿ, ಮೊದಲ ಹಳದಿ ಇತ್ತಲ್ಲ. ಈಗ್ಯಾಕ ಬಿಳಿ?"

ಎಂದಾದರೂ ಹೇಳಲೇಬೇಕಿತ್ತು. ಹೇಳಿದೆ. ಹೆಪ್ಪು, ಬೆಕ್ಕಿನ ಮೀಸೆ, ನದಾಫ್ ಸರ್ ಹರಳು, ನಲವತ್ತೊಂದು ಚೀಟಿ, ಎಲ್ಲ. ಅವಳ ಟ್ರಂಕು ಹುಡುಕಿದ್ದಕ್ಕೆ ಕ್ಷಮೆ ಕೇಳಿದೆ. ಅವಳು ಚಾಕು ಕೆಳಗಿಟ್ಟು ಕೇಳಿದಳು. ಮುಖದ ಮೇಲೆ ಸಿಟ್ಟೇನೂ ಕಾಣಲಿಲ್ಲ.

"ಹೋಗ್ಲಿ ಬಿಡು. ನೀ ಬೇಕಂತ ಮಾಡಿದ್ದಲ್ಲ," ಎಂದಳು.

ನನಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಒಂದು ನಿಮಿಷವೂ ಉಳಿಯಲಿಲ್ಲ ಅದು.

"ನನ್ನ ಹಳದಿ ಗುಳಿಗಿ ಯಾವತ್ತ ನಿಲ್ಲಿಸಿದಿ?"

"ಯುಗಾದಿ ಮರುದಿನ. ತಿಳಿದ ದಿನಾನ ನಿಲ್ಲಿಸಿದೆ."

"ನನ್ನಂಗ ಇನ್ನೂ ನಲವತ್ತು ಮಂದಿ ಅಂದಿ. ಅವರದು?"

ನಾನು ಸವತೆಕಾಯಿಯ ಸಿಪ್ಪೆ ಒಟ್ಟುಮಾಡತೊಡಗಿದೆ.

"ವೈನಿ, ಅವರು ಇನ್ನೂ ನುಂಗಾಕತ್ತಾರ?"

"ನಿನ್ನ ಹರಳು ಬರೂತನಕ ಹೇಳಂಗಿರಲಿಲ್ಲ ನೀಲಾ. ಹೇಳಿದ್ದರ ಬಾಗಲಾ ಮುಚ್ಚತಿದ್ದರು. ನೀ ಸಾಯತಿದ್ದಿ."

"ಬಂದು ಎಷ್ಟ ದಿನ ಆತು?"

"ಹನ್ನೆರಡು."

ನೀಲವ್ವ ಖಾಲಿ ಬೆಂಚುಗಳ ಕಡೆ ನೋಡಿದಳು.

"ಪಂಕ್ತಿಭೇದ ಮಾಡಿದಿ ನೀ. ಒಂದ ಸಾಲಿನ್ಯಾಗ ಕುಂತ ಮಂದಿ. ನನ್ನ ಎಲಿಯಾಗಿನ ವಿಷ ಎತ್ತಿದಿ, ಬಾಜೂಕಿನವರಿಗೆ ಬಡಸ್ಕೋತ ಹ್ವಾದಿ."

"ನಿನ್ನ ಸಲುವಾಗಿ..."

"ನನ್ನ ಕೇಳಿದ್ದೇನು?"

ಬಿಳಿ ಗುಳಿಗೆಯನ್ನು ಅವಳು ಉಪ್ಪಿನ ಬಟ್ಟಲಿನ ಪಕ್ಕದಲ್ಲಿ ಇಟ್ಟಳು. "ಅವರಿಗೆಲ್ಲಾ ಹೇಳೂತನಕ ಇದು ನನಗ ಬ್ಯಾಡ."

ಎರಡು ಹೊತ್ತಿನ ಗುಳಿಗೆ ತಪ್ಪಿದರೆ ಅಮೋನಿಯಾ ಮತ್ತೆ ಏರುತ್ತದೆ, ಈ ಸಲ ಏರಿದರೆ ಇಳಿಸುವುದು ಕಷ್ಟ ಎಂದು ಡಾಕ್ಟರು ಅವಳೆದುರಿಗೇ ಹೇಳಿದ್ದರು. ಅದನ್ನೇ ಮತ್ತೆ ಹೇಳಿದೆ. ಬೇಡಿಕೊಂಡೆ. ಅತ್ತೆ. ಗದರಿಸಿದೆ. ಅವಳು ಇನ್ನೊಂದು ಸವತೆಕಾಯಿ ತೆಗೆದುಕೊಂಡು ಸಿಪ್ಪೆ ಹೆರೆಯತೊಡಗಿದಳು. ಇಪ್ಪತ್ತೆಂಟು ವರ್ಷದಲ್ಲಿ ಅವಳ ಹಟ ಗೆದ್ದವರನ್ನು ನಾನು ನೋಡಿಲ್ಲ.

ಒಳಗೆ ಹೋಗಿ ಕಡತದಿಂದ ಬರೆದುಕೊಂಡಿದ್ದ ಆ ನಲವತ್ತು ಜನರ ಪಟ್ಟಿ ತಂದೆ. ನದಾಫ್ ಸರ್‌ಗೆ ಮೊದಲು ಹೇಳಬೇಕೇನೋ ಎನಿಸಿತು. ಹೇಳಿದರೆ ಮತ್ತೆ ಹದಿನೈದು ದಿನ ಎನ್ನುತ್ತಾರೆ, ನಾನು ಮತ್ತೆ ಒಪ್ಪುತ್ತೇನೆ. ಬೆಂಚಿನ ಮೇಲೆ ನೀಲವ್ವನ ಎದುರಿಗೆ ಕೂತು ಮೊದಲ ನಂಬರು ಹಚ್ಚಿದೆ. ಕುಂದಗೋಳದ ಫಕೀರಪ್ಪ, ವಯಸ್ಸು ನಲವತ್ತಾರು.

ಹೆಂಗಸಿನ ದನಿ ಬಂತು. ನನ್ನ ಹೆಸರು ಹೇಳಿ, ಹರಳುಮನೆಯಿಂದ ಎಂದೆ. ಫಕೀರಪ್ಪನವರಿಗೆ ಹಳದಿ ಗುಳಿಗೆ ಇವತ್ತೇ ನಿಲ್ಲಿಸಲು ಹೇಳಿರಿ, ಚೀಟಿ ತಪ್ಪಾಗಿರಬಹುದು, ತಪ್ಪು ನನ್ನದು ಎಂದೆ.

"ಅವರು ಹೋಗಿ ಇಪ್ಪತ್ತು ದಿನ ಆತ್ರಿ ಬಾಯಾರ," ಎಂದಳು ಆ ಹೆಂಗಸು.

ಇಪ್ಪತ್ತು ದಿನದ ಹಿಂದೆ ನಾನು ಹನಿ ನೋಡುತ್ತ ಕೂತಿದ್ದೆ. ಫೋನು ಇಟ್ಟುಬಿಡೋಣ ಎನಿಸಿತು. ಎದುರಿಗೆ ನೀಲವ್ವ ಚಾಕು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು.

"ಚೀಟಿ ತಪ್ಪಿತ್ತು ಅಂದ್ರಿ ನೀವು," ಎಂದಿತು ಆ ದನಿ. "ಹಂಗಾದ್ರ ಅವರು ಕದ್ದು ಬ್ಯಾಳಿ ತಿಂತಿದ್ದಿಲ್ಲೇನ್ರಿ?"

"ಇಲ್ಲರಿ, ತಿಂತಿದ್ದಿಲ್ಲ."

"ಆಣಿ ಮಾಡಿ ಹೇಳತಿದ್ದರು. ನಾ ನಂಬಲಿಲ್ಲ. ಕಡೀ ದಿನಾನೂ ಬೈದೆ."

ಆಮೇಲೆ ಅಳುವ ಸದ್ದೂ ಬರಲಿಲ್ಲ, ಫೋನು ಇಟ್ಟ ಸದ್ದೂ ಬರಲಿಲ್ಲ. ನಾನು ಕಿವಿಗೆ ಹಿಡಿದುಕೊಂಡೇ ಕೂತೆ. ಎಷ್ಟೋ ಹೊತ್ತಿನ ಮೇಲೆ ಅವಳೇ ಕಟ್ ಮಾಡಿದಳು. ನೀಲವ್ವ ಪಟ್ಟಿಯನ್ನು ತನ್ನ ಕಡೆ ತಿರುಗಿಸಿಕೊಂಡು ಓದಿದಳು. ಗುಳಿಗೆ ಇನ್ನೂ ಉಪ್ಪಿನ ಬಟ್ಟಲಿನ ಪಕ್ಕದಲ್ಲೇ ಇತ್ತು.

"ಮುಂದಿನ ನಂಬರ ಹಚ್ಚು ವೈನಿ," ಎಂದಳು.